ಸಾಲು ಹಿಡಿಸುವುದು, ಅಂತರ ಸಮ ಮಾಡುವುದು: ಪಿಸಿಬಿ ಲೇಔಟ್‌ನಲ್ಲಿ ಯಾವ ಕೆಲಸಕ್ಕೆ ಯಾವ ವಿಧಾನ?

ಎಂಟು ಎಲ್‌ಇಡಿಗಳನ್ನು ಒಂದೇ ಸಾಲಿನಲ್ಲಿ, ಸಮ ಅಂತರದಲ್ಲಿ ಕೂರಿಸಬೇಕು. ಕೆಲಸ ಇಷ್ಟೇ. ಆದರೆ ಇಂದಿನ ಪಿಸಿಬಿ (ಎಲೆಕ್ಟ್ರಾನಿಕ್ ಭಾಗಗಳನ್ನು ಕೂರಿಸುವ ಬೋರ್ಡು) ಸಾಫ್ಟ್‌ವೇರ್‌ಗಳಲ್ಲಿ ಇದಕ್ಕೆ ಐದಾರು ದಾರಿಗಳಿವೆ. ಗ್ರಿಡ್ (ಸಮ ಅಂತರದ ಚುಕ್ಕಿಗಳ ಜಾಲ) ಹಿಡಿದು ಮೌಸ್‌ನಲ್ಲೇ ಎಳೆದು ಕೂರಿಸಬಹುದು. ಎಲ್ಲವನ್ನೂ ಸೆಲೆಕ್ಟ್ ಮಾಡಿ ಅಲೈನ್ (ಸಾಲು ಹಿಡಿಸುವ), ಡಿಸ್ಟ್ರಿಬ್ಯೂಟ್ (ಅಂತರ ಸಮ ಮಾಡುವ) ಆಜ್ಞೆ ಕೊಡಬಹುದು. ಪ್ರತಿಯೊಂದರ ಎಕ್ಸ್, ವೈ ಅಂಕಿಗಳನ್ನು ಟೈಪ್ ಮಾಡಬಹುದು. ಸಾಲು ಅಥವಾ ಉಂಗುರವಾಗಿ ಜೋಡಿಸುವ ಅರೇ ಟೂಲ್ ಬಳಸಬಹುದು, ಇಲ್ಲವೇ ಸ್ಕ್ರಿಪ್ಟ್ ಬರೆಯಬಹುದು. ಮುಗಿಸಿದ ಕ್ಷಣದಲ್ಲಿ ಪರದೆಯ ಮೇಲೆ ಎಲ್ಲವೂ ಒಂದೇ ಥರ ಕಾಣುತ್ತವೆ. ವ್ಯತ್ಯಾಸ ತಿಳಿಯುವುದು ಆಮೇಲೆ: ರೂಟಿಂಗ್ ಮಾಡುವಾಗ, ಅಂದರೆ ತಾಮ್ರದ ಗೆರೆ ಎಳೆಯುವಾಗ, ಆ ಗೆರೆ (ಟ್ರ್ಯಾಕು) ಭಾಗವನ್ನು ಬೆಸೆಯುವ ಪ್ಯಾಡಿನ ನಡುವಿಗೆ ಸರಿಯಾಗಿ ಬಂದು ಕೂರುವುದಿಲ್ಲ, ಬೋರ್ಡು ಕೈಗೆ ಬಂದಾಗ ಎಲ್‌ಇಡಿ ಪ್ಯಾನೆಲ್ಲಿನ ತೂತಿನ ಒಂದು ಅಂಚಿಗೆ ಸರಿದಿರುತ್ತದೆ, ಅಥವಾ ಅಳತೆ ಸ್ವಲ್ಪ ಬದಲಾದರೂ ಇಡೀ ಸಾಲನ್ನು ಮೊದಲಿನಿಂದ ಕೂರಿಸಬೇಕಾಗುತ್ತದೆ.

ಇವುಗಳಲ್ಲಿ ಒಂದನ್ನು ಆರಿಸುವಾಗ ನಾನು ಮೊದಲು ನೋಡುವುದು ಯಾವುದು ಬೇಗ ಮುಗಿಯುತ್ತದೆ ಎಂದಲ್ಲ, ಯಾವುದು ಕದಲಬಾರದು ಎಂದು. ಪ್ರತಿಯೊಂದು ವಿಧಾನವೂ ಒಂದನ್ನು ಹಿಡಿದಿಟ್ಟು ಉಳಿದದ್ದನ್ನು ಸರಿಸುತ್ತದೆ. ಗ್ರಿಡ್ ತನ್ನ ಚುಕ್ಕಿಗಳನ್ನು ಹಿಡಿದಿಡುತ್ತದೆ. ಅಲೈನ್ ಒಂದು ಕಾಂಪೊನೆಂಟನ್ನು ಹಿಡಿದಿಡುತ್ತದೆ, ಡಿಸ್ಟ್ರಿಬ್ಯೂಟ್ ಎರಡು ತುದಿಗಳನ್ನು. ಅಂಕಿ ಬರೆದಾಗ ಉಳಿಯುವುದು ನೀವು ಆರಿಸಿದ ಮೂಲಬಿಂದು. ನಿಮ್ಮ ವಿನ್ಯಾಸದಲ್ಲಿ ಕದಲಬಾರದ್ದು ಯಾವುದೋ ಅದನ್ನೇ ಹಿಡಿದಿಡುವ ವಿಧಾನ ಸರಿಯಾದ ವಿಧಾನ.

ಜಾಗವನ್ನು ಹೇಳುವವರು ಯಾರು?

ಒಂದು ಕಾಂಪೊನೆಂಟಿನ ಜಾಗವನ್ನು ಮೂವರಲ್ಲಿ ಒಬ್ಬರು ತೀರ್ಮಾನಿಸುತ್ತಾರೆ. ಮೊದಲನೆಯದು ಹೊರಗಿನ ಕವಚ: ಬಟನ್, ಎಲ್‌ಇಡಿ, ಯುಎಸ್‌ಬಿ ಕನೆಕ್ಟರ್, ಸ್ಕ್ರೂ ತೂತು, ಡಿಸ್‌ಪ್ಲೇ ಇವೆಲ್ಲ ಪೆಟ್ಟಿಗೆಯಲ್ಲಿ ಕೊರೆದ ಜಾಗಕ್ಕೇ ಬರಬೇಕು. ಎರಡನೆಯದು ಸರ್ಕ್ಯೂಟು: ಡಿಕಪ್ಲಿಂಗ್ ಕೆಪಾಸಿಟರ್ (ಚಿಪ್ಪಿಗೆ ಬರುವ ವಿದ್ಯುತ್ತನ್ನು ಸ್ಥಿರವಾಗಿಡುವಂಥದ್ದು), ಕ್ರಿಸ್ಟಲ್, ಸ್ವಿಚಿಂಗ್ ರೆಗ್ಯುಲೇಟರಿನ ಇನ್‌ಪುಟ್ ಕೆಪಾಸಿಟರ್ ಇವು ತಮ್ಮ ಪಿನ್ನಿಗೆ ಅಂಟಿಕೊಂಡೇ ಇರಬೇಕು. ಮೂರನೆಯದು ಜೋಡಣೆಯ ಅನುಕೂಲ ಮತ್ತು ಕಣ್ಣು: ಪುಲ್‌ಅಪ್ ರೆಸಿಸ್ಟರ್‌ಗಳು, ಕಾನ್ಫಿಗರೇಶನ್ ಜಂಪರ್‌ಗಳು, ಟೆಸ್ಟ್ ಪಾಯಿಂಟ್‌ಗಳು ಎಲ್ಲಿದ್ದರೂ ನಡೆಯುತ್ತದೆ, ಸಾಲಾಗಿದ್ದರೆ ಒಳ್ಳೆಯದು.

ಅಲೈನ್, ಡಿಸ್ಟ್ರಿಬ್ಯೂಟ್ ಆಜ್ಞೆಗಳು ನಿಜವಾಗಿ ಹೊಂದುವುದು ಮೂರನೆಯ ಗುಂಪಿಗೆ. ಮೊದಲನೆಯ ಗುಂಪಿಗೆ ಅಂಕಿಗಳೇ ಬೇಕು. ಎರಡನೆಯ ಗುಂಪನ್ನು ಸಾಲು ಹಿಡಿಸಲು ಹೋಗುವುದೇ ತಪ್ಪು. ಚಿಪ್ಪಿನ ನಾಲ್ಕು ಬದಿಯಲ್ಲೂ ಒಂದೊಂದು ಪವರ್ ಪಿನ್ ಇದ್ದು, ನಾಲ್ಕು ಕೆಪಾಸಿಟರ್‌ಗಳನ್ನು ಅಂದವಾಗಿ ಒಂದೇ ಕಂಬಸಾಲಿನಲ್ಲಿ ನಿಲ್ಲಿಸಿದರೆ ನೋಡಲು ಚೆನ್ನಾಗಿರುತ್ತದೆ. ಆದರೆ ಅವುಗಳಲ್ಲಿ ಮೂರು ತಮ್ಮ ಪಿನ್ನಿನಿಂದ ದೂರ ಹೋಗಿರುತ್ತವೆ, ದಾರಿ ಉದ್ದವಾದಷ್ಟೂ ಇಂಡಕ್ಟೆನ್ಸ್ ಹೆಚ್ಚುತ್ತದೆ, ಕೆಪಾಸಿಟರ್ ಇದ್ದೂ ಇಲ್ಲದಂತಾಗುತ್ತದೆ. ಈ ಭಾಗಗಳನ್ನು ಮೊದಲೇ ಕೂರಿಸಿ ಲಾಕ್ ಮಾಡಿಬಿಡಿ. ಆಮೇಲೆ ಅಂದದ ಕೆಲಸ.

ಗ್ರಿಡ್: ಸರಳ, ಆದರೆ ಅಳತೆಯ ಪದ್ಧತಿ ಬೆರೆತರೆ ಕೆಡುತ್ತದೆ

ಹೆಚ್ಚಿನ ಬೋರ್ಡುಗಳಿಗೆ ಒಳ್ಳೆಯ ಗ್ರಿಡ್ ಒಂದಿದ್ದರೆ ಅರ್ಧ ಕೆಲಸ ಮುಗಿದಂತೆ. ದೊಡ್ಡ ಭಾಗಗಳಿಗೆ 1 ಅಥವಾ 0.5 ಮಿ.ಮೀ., ಸಣ್ಣ ರೆಸಿಸ್ಟರ್-ಕೆಪಾಸಿಟರ್‌ಗಳಿಗೆ 0.25 ಅಥವಾ 0.1 ಮಿ.ಮೀ. ಗ್ರಿಡ್ ಇಟ್ಟುಕೊಂಡು ಎಳೆದು ಕೂರಿಸಿದರೆ ಸಾಲು ತಾನಾಗಿಯೇ ಬರುತ್ತದೆ, ಬೇರೆ ಆಜ್ಞೆಯೇ ಬೇಕಾಗುವುದಿಲ್ಲ. ಮುಂದೆ ಯಾವುದೋ ಒಂದನ್ನು ಸರಿಸಿದರೂ ಅದು ಮತ್ತೆ ಗ್ರಿಡ್ ಮೇಲೆಯೇ ನಿಲ್ಲುತ್ತದೆ. ಡಿಸ್ಟ್ರಿಬ್ಯೂಟ್ ಆಜ್ಞೆಗೆ ಈ ಗುಣ ಇಲ್ಲ.

ತೊಂದರೆ ಬರುವುದು ಇಂಚು ಮತ್ತು ಮಿಲಿಮೀಟರ್ ಒಂದೇ ಬೋರ್ಡಿನಲ್ಲಿ ಸೇರಿದಾಗ. ಪಿನ್ ಹೆಡರ್, ಡಿಐಪಿ ಸಾಕೆಟ್ ಇಂಥವುಗಳ ಪಿನ್ ಅಂತರ 100 ಮಿಲ್ (ಮಿಲ್ ಎಂದರೆ ಇಂಚಿನ ಸಾವಿರದಲ್ಲೊಂದು ಭಾಗ), ಅಂದರೆ 2.54 ಮಿ.ಮೀ. ಡಿಐಪಿಯ ಎರಡು ಸಾಲುಗಳ ನಡುವೆ 7.62 ಅಥವಾ 15.24 ಮಿ.ಮೀ. ಒಂದು ಮಾಡ್ಯೂಲ್ ಕೂರಿಸಲು ಎರಡು ಬಿಡಿ ಹೆಡರ್‌ಗಳನ್ನು 15.24 ಮಿ.ಮೀ. ದೂರದಲ್ಲಿ ಇಡಬೇಕಿದೆ ಎಂದುಕೊಳ್ಳಿ. ಗ್ರಿಡ್ 0.5 ಮಿ.ಮೀ. ಇದ್ದರೆ ನಿಮಗೆ ಸಿಗುವುದು 15.0 ಅಥವಾ 15.5, ಎರಡೂ ಕಾಲು ಮಿಲಿಮೀಟರಿನಷ್ಟು ತಪ್ಪು. ಪರದೆಯ ಮೇಲೆ ಅದು ಕಣ್ಣಿಗೆ ಬೀಳುವುದೇ ಇಲ್ಲ. ಮಾಡ್ಯೂಲನ್ನು ಒತ್ತಿ ಕೂರಿಸುವಾಗ ಪಿನ್ನುಗಳು ಬಾಗಿದಾಗಲೇ ಗೊತ್ತಾಗುವುದು. ಇಂಥ ಜೋಡಿಗೆ ಗ್ರಿಡ್ಡನ್ನು 1.27 ಮಿ.ಮೀ.ಗೆ ಬದಲಿಸಿ ಎರಡನ್ನೂ ಇಡಿ. ಇಲ್ಲವೇ ಒಂದನ್ನು ಇಟ್ಟು, ಇನ್ನೊಂದರ ಅಂತರವನ್ನು ಅಂಕಿಯಲ್ಲೇ ಬರೆಯಿರಿ. ಎರಡೂ ಸಾಲನ್ನು ಒಂದೇ ಫುಟ್‌ಪ್ರಿಂಟ್ (ಬೋರ್ಡಿನ ಮೇಲೆ ಒಂದು ಭಾಗದ ಪ್ಯಾಡು, ಗೆರೆಗಳ ನಕ್ಷೆ) ಆಗಿ ಮಾಡಿಟ್ಟುಕೊಳ್ಳುವುದು ಇನ್ನೂ ಉತ್ತಮ, ಆಮೇಲೆ ಯಾರು ಎಷ್ಟು ಸರಿಸಿದರೂ ಅಂತರ ಕೆಡುವುದಿಲ್ಲ.

ಕೈಕ್ಯಾಡ್ ಎಂಬ ಪಿಸಿಬಿ ಸಾಫ್ಟ್‌ವೇರ್‌ನಲ್ಲಿ ಎನ್ ಕೀ ಒತ್ತಿದರೆ ಮುಂದಿನ ಗ್ರಿಡ್, ಶಿಫ್ಟ್ ಜೊತೆ ಒತ್ತಿದರೆ ಹಿಂದಿನದು. ಆವೃತ್ತಿ 8ರಿಂದ ಫುಟ್‌ಪ್ರಿಂಟಿಗೆ ಒಂದು, ಟ್ರ್ಯಾಕಿಗೆ ಒಂದು, ವಯಾಕ್ಕೆ (ತಾಮ್ರದ ಪದರಗಳನ್ನು ಜೋಡಿಸುವ ತೂತು) ಒಂದು ಎಂದು ಬೇರೆ ಬೇರೆ ಗ್ರಿಡ್ ಹೊಂದಿಸಬಹುದು. ಎಳೆಯುವಾಗ ಕಂಟ್ರೋಲ್ ಒತ್ತಿ ಹಿಡಿದರೆ ಗ್ರಿಡ್ ಹಿಡಿತ ಬಿಡುತ್ತದೆ. ಒಂದು ಭಾಗ ಯಾಕೋ ಗ್ರಿಡ್ ಬಿಟ್ಟು ನಿಂತಿದೆ ಅನ್ನಿಸಿದರೆ, ಬಹಳ ಸಲ ಕಾರಣ ಆ ಕೀ ಮೇಲೆ ಕುಳಿತ ಬೆರಳೇ. ಆಲ್ಟಿಯಮ್ ಎಂಬ ಇನ್ನೊಂದು ಸಾಫ್ಟ್‌ವೇರ್‌ನಲ್ಲಿ ಬೋರ್ಡಿನ ಬೇರೆ ಬೇರೆ ಭಾಗಕ್ಕೆ ಬೇರೆ ಬೇರೆ ಗ್ರಿಡ್ ಇಡಬಹುದು, ವೃತ್ತಾಕಾರದ ಪೋಲಾರ್ ಗ್ರಿಡ್ ಕೂಡ ಇದೆ.

ಅಲೈನ್: ಯಾವ ಗೆರೆಗೆ ಸಾಲು?

ಅಲೈನ್ ಎಂದರೆ ಎಡ, ಬಲ, ಮೇಲೆ, ಕೆಳಗೆ, ಇಲ್ಲವೇ ನಡುಗೆರೆ. ಆರಿಸುವುದು ಸುಲಭ ಅನ್ನಿಸುತ್ತದೆ. ಆದರೆ ಆಜ್ಞೆ ಕೊಡುವ ಮುಂಚೆ ಎರಡು ವಿಷಯ ಗೊತ್ತಿರಬೇಕು.

ಒಂದು, ಯಾವ ಭಾಗ ನಿಂತಲ್ಲೇ ನಿಲ್ಲುತ್ತದೆ, ಯಾವುವು ಸರಿಯುತ್ತವೆ? ಕೈಕ್ಯಾಡ್‌ನಲ್ಲಿ ಸೆಲೆಕ್ಟ್ ಮಾಡಿದವುಗಳ ಪೈಕಿ ಲಾಕ್ ಆದದ್ದು ಇದ್ದರೆ ಅದೇ ಆಧಾರ. ಇಲ್ಲದಿದ್ದರೆ ಆಜ್ಞೆ ಕೊಡುವಾಗ ಕರ್ಸರ್ ಯಾವುದರ ಮೇಲಿದೆಯೋ ಅದು. ಇದು ಗೊತ್ತಿಲ್ಲದವರು ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ, ತಾವು ಕಷ್ಟಪಟ್ಟು ಕೂರಿಸಿದ ಭಾಗವೇ ಬೇರೆ ಯಾವುದರದೋ ಸಾಲಿಗೆ ಹೋಗಿ ನಿಂತದ್ದನ್ನು ನೋಡುತ್ತಾರೆ. ಕದಲಬಾರದ ಭಾಗದ ಮೇಲೆಯೇ ಕರ್ಸರ್ ಇಟ್ಟು ಮೆನು ತೆರೆಯುವ ಅಭ್ಯಾಸ ಮಾಡಿಕೊಳ್ಳಿ. ಎಲ್ ಒತ್ತಿ ಅದನ್ನು ಲಾಕ್ ಮಾಡಿಬಿಟ್ಟರೆ ಇನ್ನೂ ಗಟ್ಟಿ. ಬೇರೆ ಸಾಫ್ಟ್‌ವೇರ್‌ನಲ್ಲಿ ನಿಯಮ ಬೇರೆ ಇರಬಹುದು. ಹೊಸದಾಗಿ ಬಳಸುವಾಗ ಖಾಲಿ ಬೋರ್ಡಿನಲ್ಲಿ ಮೂರು ರೆಸಿಸ್ಟರ್ ಇಟ್ಟು, ಆಜ್ಞೆ ಕೊಟ್ಟು, ಯಾವುದು ಸರಿಯಿತು ಎಂದು ನೋಡಿ ಮುಂದುವರಿಯಿರಿ.

ಎರಡು, ಭಾಗದ ‘ಎಡ ಅಂಚು’ ಎಂದರೆ ಯಾವುದು? ಸಾಫ್ಟ್‌ವೇರ್ ಲೆಕ್ಕ ಹಾಕುವುದು ಫುಟ್‌ಪ್ರಿಂಟಿನ ಸುತ್ತ ಎಳೆಯುವ ಚೌಕಟ್ಟನ್ನು. ಆ ಚೌಕಟ್ಟಿನಲ್ಲಿ ಪ್ಯಾಡಿನ ಜೊತೆ ಕೋರ್ಟ್‌ಯಾರ್ಡ್ ಗೆರೆ (ಬೇರೆ ಭಾಗ ಬರಬಾರದ ಜಾಗದ ಗಡಿ), ಸಿಲ್ಕ್‌ಸ್ಕ್ರೀನ್ ಗೆರೆ (ಬೋರ್ಡಿನ ಮೇಲೆ ಅಚ್ಚಾಗುವ ಗುರುತು) ಕೂಡ ಸೇರಿಕೊಳ್ಳಬಹುದು. ಒಂದೇ ಲೈಬ್ರರಿಯಿಂದ ಬಂದ ಒಂದೇ ಗಾತ್ರದ ರೆಸಿಸ್ಟರ್‌ಗಳಾದರೆ ಯಾವುದನ್ನು ಹಿಡಿದರೂ ಒಂದೇ. ಅದೇ ಒಂದು 0603 ಗಾತ್ರದ ರೆಸಿಸ್ಟರ್, ಒಂದು ಡಯೋಡ್, ಒಂದು ಎಸ್‌ಓಟಿ-23 ಟ್ರಾನ್ಸಿಸ್ಟರ್ ಸೇರಿದ ಸಾಲಾದರೆ? ಡಯೋಡಿನ ಕ್ಯಾಥೋಡ್ ಬದಿಯಲ್ಲಿ ಸಿಲ್ಕ್‌ಸ್ಕ್ರೀನ್ ಗೆರೆ ಒಂದಿಷ್ಟು ಹೊರಚಾಚಿದ್ದರೆ ಚೌಕಟ್ಟು ಆ ಕಡೆಗೆ ಹಿಗ್ಗುತ್ತದೆ, ನಡುಗೆರೆಯೂ ಆ ಕಡೆಗೆ ವಾಲುತ್ತದೆ. ‘ಸೆಂಟರ್’ ಅಲೈನ್ ಮಾಡಿದರೂ ಪ್ಯಾಡುಗಳು ಸಾಲಿನಲ್ಲಿ ಇರುವುದಿಲ್ಲ. ಇಂಥ ಕಡೆ ಅಲೈನ್ ಬಿಟ್ಟು, ಪ್ರಾಪರ್ಟೀಸ್‌ನಲ್ಲಿ ಎಲ್ಲದರ ವೈ ಅಂಕಿ ಒಂದೇ ಮಾಡುವುದು ಖಚಿತ. ಎಸ್‌ಎಂಡಿ (ಬೋರ್ಡಿನ ಮೇಲ್ಮೈಗೇ ಬೆಸೆಯುವ) ಭಾಗಗಳ ಮೂಲಬಿಂದು ಸಾಮಾನ್ಯವಾಗಿ ಮೈಯ ನಡುವಿನಲ್ಲೇ ಇರುತ್ತದೆ, ಹಾಗಾಗಿ ಇದು ಕೆಲಸ ಮಾಡುತ್ತದೆ.

ಆದರೆ ತೂತಿನಲ್ಲಿ ಕೂರುವ ಭಾಗಗಳಿಗೆ ಇದೇ ನಿಯಮ ನಂಬಬೇಡಿ. ಕೈಕ್ಯಾಡ್ ಲೈಬ್ರರಿಯ ಪದ್ಧತಿಯಲ್ಲಿ ಥ್ರೂ-ಹೋಲ್ ಭಾಗಗಳ ಮೂಲಬಿಂದು 1ನೇ ಪಿನ್. ಹತ್ತು ಪಿನ್ನಿನ ಹೆಡರ್, ನಾಲ್ಕು ಪಿನ್ನಿನ ಹೆಡರ್ ಎರಡಕ್ಕೂ ಒಂದೇ ಎಕ್ಸ್ ಅಂಕಿ ಕೊಟ್ಟರೆ ಅವುಗಳ 1ನೇ ಪಿನ್ನುಗಳು ಸಾಲಾಗುತ್ತವೆ, ನಡುಭಾಗಗಳಲ್ಲ. ಕೆಲವೊಮ್ಮೆ ನಿಮಗೆ ಬೇಕಾದದ್ದು ಅದೇ. ಬೇಡವಾದಾಗ ಮಾತ್ರ ಅಲೈನ್ ಸೆಂಟರ್ ಬಳಸಿ.

ಬೋರ್ಡಿನ ಅಂಚಿನ ಕನೆಕ್ಟರ್‌ಗಳದ್ದು ಇನ್ನೊಂದು ಕಥೆ. ಯುಎಸ್‌ಬಿ-ಸಿ ಸಾಕೆಟ್ಟಿನ ಮೂತಿ ಬೋರ್ಡಿನಿಂದ ಒಂದಿಷ್ಟು ಹೊರಗೆ ಚಾಚಿರಬೇಕು, ಪಕ್ಕದ ಸ್ವಿಚ್ಚಿನದ್ದು ಇನ್ನೊಂದಿಷ್ಟು. ಇವನ್ನು ಕೆಳ ಅಂಚಿಗೆ ಅಲೈನ್ ಮಾಡಿದರೆ ಮೂತಿಗಳು ಸಾಲಾಗುತ್ತವೆ, ಆದರೆ ಪ್ರತಿಯೊಂದು ಭಾಗದ ಡೇಟಾಶೀಟ್ ಹೇಳುವ ಬೋರ್ಡ್ ಅಂಚಿನ ಗೆರೆ ತಪ್ಪಿಹೋಗುತ್ತದೆ. ಫುಟ್‌ಪ್ರಿಂಟಿನಲ್ಲಿ ಆ ಗೆರೆ ಎಳೆದಿದ್ದರೆ, ಅದನ್ನೇ ಹಿಡಿದು ಎಳೆಯುವ ‘ಮೂವ್ ವಿತ್ ರೆಫರೆನ್ಸ್’ ಥರದ ಆಜ್ಞೆ ಬಳಸಿ ಬೋರ್ಡಿನ ಅಂಚಿಗೆ ಕೂರಿಸಿ.

ಡಿಸ್ಟ್ರಿಬ್ಯೂಟ್: ನಡುವಿಂದ ನಡುವಿಗೆ ಸಮವೋ, ಸಂದು ಸಮವೋ?

ಸಮ ಅಂತರ ಎಂಬುದಕ್ಕೆ ಎರಡು ಅರ್ಥ ಇವೆ, ಎರಡೂ ಸರಿ, ಎರಡರ ಫಲಿತಾಂಶ ಬೇರೆ. ಇದನ್ನು ಅಂಕಿಯಲ್ಲೇ ನೋಡೋಣ.

ಐದು ಭಾಗಗಳ ಒಂದು ಸಾಲು. ಅಗಲ ಕ್ರಮವಾಗಿ 2, 6, 2, 2, 2 ಮಿ.ಮೀ. ಮೊದಲನೆಯದರ ನಡು 0ಯಲ್ಲಿದೆ, ಕೊನೆಯದರ ನಡು 20ರಲ್ಲಿ. ತುದಿಯ ಎರಡು ಕದಲುವುದಿಲ್ಲ, ಒಳಗಿನ ಮೂರನ್ನು ಹಂಚಬೇಕು.

ನಡುವಿಂದ ನಡುವಿಗೆ ಸಮ ಮಾಡಿದರೆ ಜಾಗಗಳು 0, 5, 10, 15, 20. ಈಗ ಸಂದುಗಳನ್ನು ಲೆಕ್ಕ ಹಾಕಿ: ಮೊದಲ ಎರಡರ ನಡುವೆ 1 ಮಿ.ಮೀ., ಆಮೇಲೆ 1, ಆಮೇಲೆ 3, ಆಮೇಲೆ 3. ಅಗಲದ ಭಾಗ ಎರಡೂ ಕಡೆಯವರನ್ನು ಒತ್ತಿಕೊಂಡಿದೆ. ಅದರ ಅಗಲ 6ರ ಬದಲು 10 ಇದ್ದಿದ್ದರೆ ಪಕ್ಕದವುಗಳ ಮೇಲೆಯೇ ಏರುತ್ತಿತ್ತು, ಸಾಫ್ಟ್‌ವೇರ್ ಅದನ್ನು ತಡೆಯುವುದಿಲ್ಲ.

ಸಂದು ಸಮ ಮಾಡಿದರೆ? ಹೊರ ಅಂಚಿನಿಂದ ಹೊರ ಅಂಚಿಗೆ 22 ಮಿ.ಮೀ. ಭಾಗಗಳೇ ಹಿಡಿದ ಜಾಗ 14. ಉಳಿದದ್ದು 8, ಅದನ್ನು ನಾಲ್ಕು ಸಂದಿಗೆ ಹಂಚಿದರೆ ತಲಾ 2. ನಡುಬಿಂದುಗಳು 0, 6, 12, 16, 20. ಎಲ್ಲೂ ಇಕ್ಕಟ್ಟಿಲ್ಲ, ಕೈಯಲ್ಲಿ ಸೋಲ್ಡರ್ ಮಾಡುವವರಿಗೆ ಎಲ್ಲ ಕಡೆಯೂ ಕಬ್ಬಿಣದ ತುದಿ ಇಳಿಯುತ್ತದೆ.

ಹಾಗಾದರೆ ಯಾವುದು? ಬೇರೆ ಬೇರೆ ಗಾತ್ರದ ಭಾಗಗಳಿಗೆ ನಾನು ಯಾವಾಗಲೂ ಸಂದು ಸಮ ಮಾಡುವುದನ್ನೇ ಆರಿಸುತ್ತೇನೆ. ಜೋಡಣೆ, ರಿಪೇರಿ, ಟ್ರ್ಯಾಕ್ ಹಾಯಿಸಲು ಜಾಗ ಇವೆಲ್ಲ ನಿಂತಿರುವುದು ಸಂದಿನ ಮೇಲೆ. ಹೊರಗಿನವರ ಕಣ್ಣಿಗೆ ಅಥವಾ ಕೈಗೆ ಸಿಗುವ ಭಾಗಗಳಿಗೆ, ಅಂದರೆ ಬಟನ್, ಎಲ್‌ಇಡಿ, ನಾಬ್‌ಗಳಿಗೆ, ನಡುವಿಂದ ನಡುವಿಗೆ ಅಂತರವೇ ಮುಖ್ಯ. ಪ್ಯಾನೆಲ್ಲಿನಲ್ಲಿ ತೂತು ಕೊರೆಯುವುದು ನಡುಬಿಂದುವಿನ ಲೆಕ್ಕದಲ್ಲಿ, ಭಾಗದ ಮೈ ಎಷ್ಟು ಅಗಲ ಎಂಬುದು ಅಲ್ಲಿ ಯಾರಿಗೂ ಬೇಕಿಲ್ಲ. ಎಲ್ಲವೂ ಒಂದೇ ಗಾತ್ರದ್ದಾದರೆ ಎರಡೂ ಒಂದೇ, ಯೋಚಿಸಬೇಕಾಗಿಲ್ಲ. ಇತ್ತೀಚಿನ ಕೈಕ್ಯಾಡ್‌ನಲ್ಲಿ ಈ ಎರಡೂ ಬಗೆಗಳು ಬೇರೆ ಬೇರೆ ಆಜ್ಞೆಗಳಾಗಿಯೇ ಇವೆ. ಒಂದೇ ಆಜ್ಞೆ ಇರುವ ಸಾಫ್ಟ್‌ವೇರ್‌ನಲ್ಲಿ ಅದು ಯಾವ ಬಗೆ ಎಂದು ಮೇಲಿನ ಐದು ಭಾಗಗಳ ಉದಾಹರಣೆಯನ್ನೇ ಇಟ್ಟು ನೋಡಬಹುದು.

ಇನ್ನೊಂದು ಕಡೆ ಬಹಳ ಜನ ಎಡವುತ್ತಾರೆ. ಐದು ಬೆರಳಿಗೆ ನಾಲ್ಕೇ ಸಂದು. ಎಂಟು ಎಲ್‌ಇಡಿಗಳನ್ನು 50 ಮಿ.ಮೀ. ಉದ್ದಕ್ಕೆ ಹಂಚಬೇಕಾದರೆ ಭಾಗಿಸಬೇಕಾದದ್ದು 8ರಿಂದ ಅಲ್ಲ, 7ರಿಂದ. ಉತ್ತರ 7.142857… ಮಿ.ಮೀ. ಡಿಸ್ಟ್ರಿಬ್ಯೂಟ್ ಆಜ್ಞೆ ಇದನ್ನು ನಿಖರವಾಗಿ ಮಾಡುತ್ತದೆ. ಕೈಕ್ಯಾಡ್ ಒಳಗೆ ಅಳತೆಯನ್ನು ನ್ಯಾನೊಮೀಟರಿನಲ್ಲಿ ಇಟ್ಟುಕೊಳ್ಳುವುದರಿಂದ ಉಳಿಯುವ ತಪ್ಪು ಲೆಕ್ಕಕ್ಕೇ ಬರದಷ್ಟು ಸಣ್ಣದು. ಆದರೆ ಒಳಗಿನ ಆರು ಎಲ್‌ಇಡಿಗಳೂ ಈಗ ಯಾವ ಗ್ರಿಡ್ ಮೇಲೂ ಇಲ್ಲ. ಮುಂದೆ ಅವುಗಳಿಗೆ ಟ್ರ್ಯಾಕ್ ಎಳೆಯುವಾಗ, ಪಕ್ಕದಲ್ಲಿ ರೆಸಿಸ್ಟರ್ ಇಡುವಾಗ ಪ್ರತಿ ಸಲವೂ ಇದು ಕಾಡುತ್ತದೆ. ಯಾರಾದರೂ ಒಂದನ್ನು ಅಪ್ಪಿತಪ್ಪಿ ಎಳೆದರೆ ಅದು ಹತ್ತಿರದ ಗ್ರಿಡ್ ಚುಕ್ಕಿಗೆ ಹಾರುತ್ತದೆ, ಸಾಲು ಮುರಿಯುತ್ತದೆ.

ಉದ್ದ 50 ಆಗಲೇಬೇಕೆಂಬ ಹಟ ಇಲ್ಲದಿದ್ದರೆ ಅದನ್ನು 49 ಮಾಡಿ. ಅಂತರ ಸರಿಯಾಗಿ 7 ಮಿ.ಮೀ. ಬರುತ್ತದೆ, ಎಲ್ಲವೂ ಗ್ರಿಡ್ ಮೇಲೆ. ನನ್ನ ಮಟ್ಟಿಗೆ ಡಿಸ್ಟ್ರಿಬ್ಯೂಟ್ ಒತ್ತುವ ಮೊದಲು ಈ ಒಂದು ಭಾಗಾಕಾರ ಮಾಡಿ ನೋಡುವುದು ಬೇರೆಲ್ಲ ಕಿವಿಮಾತಿಗಿಂತ ಹೆಚ್ಚು ಉಪಯೋಗ.

ಅಂಕಿ ಬರೆಯುವುದು: ಕವಚ ಹೇಳಿದಾಗ ಬೇರೆ ದಾರಿಯಿಲ್ಲ

ಮೆಕ್ಯಾನಿಕಲ್ ಡ್ರಾಯಿಂಗಿನಲ್ಲಿ ಬಟನ್ನಿನ ನಡು ಮೂಲೆಯಿಂದ 12.7, 18.35 ಎಂದಿದ್ದರೆ ಅದನ್ನು ಹಾಗೆಯೇ ಬರೆಯಬೇಕು. ಅಲೈನ್ ಮಾಡಿ ‘ಬಂದಿದೆ’ ಎಂದುಕೊಳ್ಳುವುದು ಬೇಡ. ಅದಕ್ಕೂ ಮೊದಲು ಡ್ರಾಯಿಂಗಿನ ಮೂಲಬಿಂದು ಮತ್ತು ಬೋರ್ಡಿನ ಮೂಲಬಿಂದು ಒಂದೇ ಮಾಡಿಕೊಳ್ಳಿ, ಹೆಚ್ಚಾಗಿ ಕೆಳಗಿನ ಎಡ ಮೂಲೆ ಅಥವಾ ಒಂದು ಸ್ಕ್ರೂ ತೂತು. ಕೈಕ್ಯಾಡ್‌ನಲ್ಲಿ ವೈ ಅಂಕಿ ಕೆಳಗೆ ಹೋದಂತೆ ಹೆಚ್ಚುತ್ತದೆ, ಮೆಕ್ಯಾನಿಕಲ್ ಡ್ರಾಯಿಂಗಿನಲ್ಲಿ ಮೇಲೆ ಹೋದಂತೆ. ತೋರಿಸುವ ದಿಕ್ಕನ್ನು ಪ್ರಿಫರೆನ್ಸಸ್‌ನಲ್ಲಿ ಬದಲಿಸಿಕೊಂಡರೆ ಗೊಂದಲ ಕಡಿಮೆ.

ಕೈಕ್ಯಾಡ್‌ನಲ್ಲಿ ಶಿಫ್ಟ್ ಮತ್ತು ಪಿ ಒಟ್ಟಿಗೆ ಒತ್ತಿದರೆ ‘ಪೊಸಿಷನ್ ರಿಲೇಟಿವ್ ಟು’ ಬರುತ್ತದೆ: ಒಂದು ಆಧಾರ ಭಾಗವನ್ನು ತೋರಿಸಿ, ಅಲ್ಲಿಂದ ಎಷ್ಟು ದೂರ ಎಂದು ಬರೆಯಬಹುದು. ಕನೆಕ್ಟರಿನ ಜೊತೆಯೇ ಸಾಗಬೇಕಾದ ಭಾಗಗಳಿಗೆ ಇದು ತುಂಬ ಒಳ್ಳೆಯದು. ಆದರೆ ಸಾಲಿನಲ್ಲಿ ಪ್ರತಿಯೊಂದನ್ನೂ ಅದರ ಹಿಂದಿನದರಿಂದ ಅಳೆಯುತ್ತ ಹೋಗಬೇಡಿ. 7.142857 ಬರೆಯುವ ಬದಲು 7.1 ಎಂದು ಬರೆದು ಏಳು ಸಲ ಸರಿಸಿದರೆ ಕೊನೆಯ ಎಲ್‌ಇಡಿ 49.7ರಲ್ಲಿ ನಿಲ್ಲುತ್ತದೆ, 0.3 ಮಿ.ಮೀ. ಕಡಿಮೆ. ಎಲ್ಲವನ್ನೂ ಮೊದಲನೆಯದರಿಂದಲೇ ಅಳೆಯಿರಿ, ಆಗ ಪ್ರತಿಯೊಂದರ ತಪ್ಪು ಅದರದ್ದೇ, ಕೂಡುತ್ತ ಹೋಗುವುದಿಲ್ಲ. ಕೈಕ್ಯಾಡ್‌ನ ಅಂಕಿಯ ಪೆಟ್ಟಿಗೆಯಲ್ಲಿ ಲೆಕ್ಕವನ್ನೇ ಬರೆಯಬಹುದು: 50/7*3 ಎಂದು ಬರೆದರೆ ಅದೇ ಉತ್ತರ ಹಾಕಿಕೊಳ್ಳುತ್ತದೆ.

ಅಂಕಿಗಳು ಬಹಳ ಇದ್ದರೆ ಕವಚದ ಡಿಎಕ್ಸ್‌ಎಫ್ (ಡ್ರಾಯಿಂಗ್) ಕಡತವನ್ನೇ ಒಂದು ಖಾಲಿ ಪದರಕ್ಕೆ ಆಮದು ಮಾಡಿಕೊಳ್ಳಿ. ತೂತಿನ ವೃತ್ತಗಳ ನಡುಬಿಂದುವಿಗೆ ಭಾಗಗಳನ್ನು ಅಂಟಿಸುವುದು ಟೈಪ್ ಮಾಡುವುದಕ್ಕಿಂತ ಸುಲಭ, ಅಂಕಿ ತಪ್ಪಿ ಬರೆಯುವ ಭಯವೂ ಇಲ್ಲ. ಕವಚ ಬದಲಾದರೆ ಹೊಸ ಕಡತ ತಂದು ಹೊಂದಿಸಿದರಾಯಿತು.

ವೃತ್ತಾಕಾರ: ಅರೇ ಅಥವಾ ಸ್ಕ್ರಿಪ್ಟ್

ಎಲ್‌ಇಡಿ ಉಂಗುರ ಮಾಡುವಾಗ ಅಲೈನ್, ಡಿಸ್ಟ್ರಿಬ್ಯೂಟ್ ಎರಡೂ ಕೈಕೊಡುತ್ತವೆ. ಅರೇ ಟೂಲಿನಲ್ಲಿ (ಕೈಕ್ಯಾಡ್‌ನಲ್ಲಿ ಕಂಟ್ರೋಲ್ ಮತ್ತು ಟಿ) ನಡುಬಿಂದು, ಎಣಿಕೆ, ಕೋನ ಕೊಟ್ಟರೆ ಉಂಗುರ ಸಿದ್ಧ. ಆದರೆ ಗಮನಿಸಿ: ಅರೇ ನಕಲು ಮಾಡುವ ಬಗೆಯಲ್ಲಿದ್ದರೆ ಹುಟ್ಟುವುದು ಹೊಸ ಫುಟ್‌ಪ್ರಿಂಟ್‌ಗಳು, ಸ್ಕೀಮ್ಯಾಟಿಕ್‌ನಿಂದ (ಸರ್ಕ್ಯೂಟಿನ ನಕ್ಷೆಯಿಂದ) ಬಂದವುಗಳಲ್ಲ. ತೂತು, ವಯಾ, ಟೆಸ್ಟ್ ಗುರುತುಗಳಿಗೆ ಅದು ನಡೆಯುತ್ತದೆ. ಸ್ಕೀಮ್ಯಾಟಿಕ್‌ನಲ್ಲಿ ಈಗಾಗಲೇ ಇರುವ ಹನ್ನೆರಡು ಎಲ್‌ಇಡಿಗಳಿಗೆ ನಡೆಯುವುದಿಲ್ಲ. ಅವುಗಳಿಗೆ ಬೇಕಾದದ್ದು ಇರುವವನ್ನೇ ಜೋಡಿಸುವ ಆಯ್ಕೆ, ಇಲ್ಲವೇ ಸ್ಕ್ರಿಪ್ಟ್.

ಸ್ಕ್ರಿಪ್ಟ್ ಎಂದರೆ ಹೆದರುವಂಥದ್ದೇನಿಲ್ಲ. ಹನ್ನೆರಡು ಎಲ್‌ಇಡಿಗೆ ಒಂದೊಂದು ಹೆಜ್ಜೆ 30 ಡಿಗ್ರಿ. ತ್ರಿಜ್ಯ 20 ಮಿ.ಮೀ. ಆದರೆ ಜಾಗಗಳು (20, 0), (17.321, 10), (10, 17.321), (0, 20) ಹೀಗೆ ಸಾಗುತ್ತವೆ. ಡಿ1ರಿಂದ ಡಿ12ರವರೆಗೆ ಒಂದು ಲೂಪ್, ಒಳಗೆ ಕೊಸೈನ್, ಸೈನ್, ಜೊತೆಗೆ ತಿರುಗಿಸುವ ಕೋನ. ಮೊದಲ ಸಲ ಓಡಿಸಿದಾಗ ಉಂಗುರ ಹಿಮ್ಮುಖವಾಗಿ ಬಂದರೆ ಕಾರಣ ಮೇಲೆ ಹೇಳಿದ ವೈ ದಿಕ್ಕು, ಸೈನ್ ಮುಂದೆ ಮೈನಸ್ ಹಾಕಿದರೆ ಸರಿಹೋಗುತ್ತದೆ. ಕೈಕ್ಯಾಡ್ ಸ್ಕ್ರಿಪ್ಟನ್ನು ಹೊಸದಾಗಿ ಕಲಿಯುವವರು ಆವೃತ್ತಿ 9ರಲ್ಲಿ ಬಂದ ಐಪಿಸಿ ಎಪಿಐಯನ್ನೇ (ಹೊರಗಿನ ಪ್ರೋಗ್ರಾಮು ಕೈಕ್ಯಾಡ್‌ಗೆ ಆಜ್ಞೆ ಕೊಡುವ ದಾರಿ) ಕಲಿಯುವುದು ಒಳ್ಳೆಯದು, ಹಳೆಯ ಪೈಥಾನ್ ಬೈಂಡಿಂಗ್ ನಿವೃತ್ತಿಯ ಹಾದಿಯಲ್ಲಿದೆ.

ಸ್ಕ್ರಿಪ್ಟ್‌ಗಿಂತ ಮೊದಲು ಉಂಗುರ ಹಿಡಿಸುತ್ತದೆಯೇ ಎಂದು ಲೆಕ್ಕ ಹಾಕಿ. 5 ಮಿ.ಮೀ. ಚೌಕದ 24 ಎಲ್‌ಇಡಿಗಳನ್ನು 20 ಮಿ.ಮೀ. ತ್ರಿಜ್ಯದಲ್ಲಿ ಇಡುವುದಾದರೆ ನಡುವಿಂದ ನಡುವಿಗೆ ಸುಮಾರು 5.2 ಮಿ.ಮೀ. ಸಿಗುತ್ತದೆ, 5ಕ್ಕಿಂತ ಹೆಚ್ಚೇ ಇದೆಯಲ್ಲ ಅನ್ನಿಸುತ್ತದೆ. ಆದರೆ ಕೇಂದ್ರದ ಕಡೆಯ ಅಂಚು 17.5 ಮಿ.ಮೀ. ತ್ರಿಜ್ಯದಲ್ಲಿರುತ್ತದೆ, ಅಲ್ಲಿ ಸಿಗುವುದು ಸುಮಾರು 4.6 ಮಾತ್ರ. ಒಳಮೂಲೆಗಳು ಒಂದರ ಮೇಲೊಂದು ಏರುತ್ತವೆ. ಮೂಲೆಗಳ ನಡುವೆ ಅರ್ಧ ಮಿಲಿಮೀಟರ್ ಸಂದು ಬೇಕೆಂದರೆ ತ್ರಿಜ್ಯ ಸುಮಾರು 23.4 ಮಿ.ಮೀ.ಗೆ ಏರಬೇಕು. ಪ್ಯಾಡು ಮೈಯಿಂದ ಹೊರಚಾಚಿದ್ದರೆ ಇನ್ನೂ ಹೆಚ್ಚು.

ಒಂದೇ ಸರ್ಕ್ಯೂಟು ನಾಲ್ಕಾರು ಸಲ ಬರುವ ಬೋರ್ಡುಗಳಲ್ಲಿ (ಮೋಟಾರ್ ಡ್ರೈವರಿನ ಚಾನೆಲ್‌ಗಳು, ಆಡಿಯೊ ಚಾನೆಲ್‌ಗಳು) ಬಿಡಿ ಭಾಗಗಳನ್ನು ಸಾಲು ಹಿಡಿಸಲೇಬೇಡಿ. ಒಂದು ಚಾನೆಲ್ ಚೆನ್ನಾಗಿ ಮುಗಿಸಿ, ಇಡೀ ತುಂಡನ್ನೇ ಪುನರಾವರ್ತಿಸಿ. ಆಲ್ಟಿಯಮ್‌ನಲ್ಲಿ ರೂಮ್ (ಭಾಗಗಳ ಒಂದು ಗುಂಪಿನ ಜಾಗ) ಫಾರ್ಮ್ಯಾಟ್ ನಕಲು ಮಾಡುವ ಆಜ್ಞೆ ಇದೆ, ಕೈಕ್ಯಾಡ್ 9ರಲ್ಲಿ ಮಲ್ಟಿಚಾನೆಲ್ ಟೂಲ್ ಇದೆ.

ಸಾಫ್ಟ್‌ವೇರ್ ನೋಡಿ ಆರಿಸುವುದಾದರೆ

ಈ ಒಂದು ಕೆಲಸಕ್ಕಾಗಿ ಯಾರೂ ಸಾಫ್ಟ್‌ವೇರ್ ಬದಲಿಸಬೇಕಿಲ್ಲ. ಆದರೂ ಅವುಗಳ ಒಲವು ಬೇರೆ ಬೇರೆ. ಆಲ್ಟಿಯಮ್‌ನಲ್ಲಿ ಎ ಒತ್ತಿದರೆ ಅಲೈನ್ ಮೆನು ಪೂರ್ತಿ ಎದುರಿಗೆ ಬರುತ್ತದೆ. ಸಾಲಿನ ಅಂತರವನ್ನು ಸ್ವಲ್ಪ ಸ್ವಲ್ಪವೇ ಹಿಗ್ಗಿಸುವ, ಕುಗ್ಗಿಸುವ ಆಜ್ಞೆಗಳೂ ಅಲ್ಲಿವೆ, ದಿನವಿಡೀ ಲೇಔಟ್ ಮಾಡುವವರಿಗೆ ಅದು ದೊಡ್ಡ ಅನುಕೂಲ. ಕೈಕ್ಯಾಡ್‌ನ ಬಲ ಇರುವುದು ಅಂಕಿಯಲ್ಲಿ, ಲೆಕ್ಕ ಬರೆಯುವ ಸೌಲಭ್ಯದಲ್ಲಿ, ಸ್ಕ್ರಿಪ್ಟಿನಲ್ಲಿ. ಈಸಿಇಡಿಎ ಬ್ರೌಸರಿನಲ್ಲೇ ಓಡುತ್ತದೆ, ಅಲೈನ್, ಡಿಸ್ಟ್ರಿಬ್ಯೂಟ್ ಎರಡೂ ಕೈಗೆಟಕುವಂತಿವೆ, ಸಣ್ಣ ಬೋರ್ಡಿಗೆ ಸಾಕು. ಈಗಲ್‌ನಲ್ಲಿ ‘ಮೂವ್ ಆರ್1’ ಎಂದು ಬರೆದು ಆವರಣದಲ್ಲಿ ಜಾಗದ ಅಂಕಿ ಕೊಟ್ಟರೆ ಭಾಗ ಅಲ್ಲಿಗೇ ಹೋಗಿ ಕೂರುತ್ತದೆ, ಇಂಥ ನೂರು ಸಾಲುಗಳನ್ನು ಸ್ಪ್ರೆಡ್‌ಶೀಟಿನಲ್ಲಿ ತಯಾರಿಸಿ ಒಮ್ಮೆಗೇ ಓಡಿಸಬಹುದು. ಅಂಥ ಸರಳ ಶಕ್ತಿ ಬೇರೆಡೆ ಅಪರೂಪ. ಆದರೆ ಈಗಲ್‌ಗೆ 2026ರ ಜೂನ್ 7ರವರೆಗೆ ಮಾತ್ರ ಬೆಂಬಲ ಎಂದು ಆಟೋಡೆಸ್ಕ್ ಪ್ರಕಟಿಸಿದ್ದರಿಂದ ಹೊಸ ಕೆಲಸವನ್ನು ಅದರಲ್ಲಿ ಶುರು ಮಾಡಲು ನಾನು ಹೇಳುವುದಿಲ್ಲ.

ರೂಟಿಂಗ್‌ಗಿಂತ ಮೊದಲೇ

ಟ್ರ್ಯಾಕ್ ಎಳೆದ ಮೇಲೆ ಅಲೈನ್ ಮಾಡಿದರೆ ಸಾಮಾನ್ಯವಾಗಿ ಭಾಗ ಸರಿಯುತ್ತದೆ, ಟ್ರ್ಯಾಕು ಅಲ್ಲೇ ಉಳಿಯುತ್ತದೆ. ಸರಿದ ಪ್ಯಾಡು ಪಕ್ಕದ ಟ್ರ್ಯಾಕಿನ ಮೇಲೆ ಹೋಗಿ ಕೂತರೆ ಶಾರ್ಟ್. ಆದ್ದರಿಂದ ಸಾಲು ಹಿಡಿಸುವ ಕೆಲಸವೆಲ್ಲ ರೂಟಿಂಗ್‌ಗಿಂತ ಮೊದಲು. ಆಮೇಲೆ ಮಾಡಲೇಬೇಕಾಗಿ ಬಂದರೆ, ಮುಗಿದ ಕೂಡಲೇ ಡಿಆರ್‌ಸಿ (ವಿನ್ಯಾಸದ ನಿಯಮ ಎಲ್ಲಿ ತಪ್ಪಿದೆ ಎಂದು ಹುಡುಕುವ ಪರೀಕ್ಷೆ) ಓಡಿಸಿ. ಭಾಗಗಳು ಒತ್ತಿಕೊಂಡಿದ್ದರೆ ಕೋರ್ಟ್‌ಯಾರ್ಡ್ ಅತಿಕ್ರಮಣ ಎಂದು ಅದೇ ತೋರಿಸುತ್ತದೆ.

ಕೋರ್ಟ್‌ಯಾರ್ಡಿನ ಅಗಲವನ್ನು ಮೊದಲೇ ನೋಡಿಕೊಂಡರೆ ವ್ಯರ್ಥ ಶ್ರಮ ತಪ್ಪುತ್ತದೆ. ಎಸ್‌ಓಐಸಿ ಚಿಪ್ಪಿನ ಪಿನ್ ಅಂತರ 1.27 ಮಿ.ಮೀ. ಪ್ರತಿ ಪಿನ್ನಿನ ಎದುರು ಒಂದೊಂದು ರೆಸಿಸ್ಟರ್ ಸಾಲಾಗಿ ನಿಲ್ಲಿಸುವ ಆಸೆ ಸಹಜ. 0402 ಆದರೆ ಕೋರ್ಟ್‌ಯಾರ್ಡ್ ಅಗಲ 1 ಮಿ.ಮೀ.ಗಿಂತ ತುಸು ಕಡಿಮೆ, ಹಿಡಿಸುತ್ತದೆ. 0603 ಆದರೆ ಕೈಕ್ಯಾಡ್ ಲೈಬ್ರರಿಯಲ್ಲಿ ಅದು ಸುಮಾರು 1.46 ಮಿ.ಮೀ., ಹಿಡಿಸುವುದಿಲ್ಲ, ಎಷ್ಟು ಡಿಸ್ಟ್ರಿಬ್ಯೂಟ್ ಮಾಡಿದರೂ. ಪಿನ್ ಅಂತರ 0.65ಕ್ಕೆ ಇಳಿದರೆ 0402 ಕೂಡ ಹೊಂದುವುದಿಲ್ಲ. ಅಲ್ಲಿ ನಾಲ್ಕು ರೆಸಿಸ್ಟರ್ ಒಂದೇ ಮೈಯಲ್ಲಿರುವ ರೆಸಿಸ್ಟರ್ ಅರೇ ತೆಗೆದುಕೊಳ್ಳಿ, ಇಲ್ಲವೇ ಎರಡು ಸಾಲು ಮಾಡಿ.

ಬೋರ್ಡಿನ ಅಂಚಿಗೆ ಸಾಲು ಹಿಡಿಸುವಾಗ ಒಂದು ಎಚ್ಚರ. ಆ ಅಂಚು ವಿ-ಸ್ಕೋರ್ ಮಾಡಿ (ವಿ ಆಕಾರದ ಗೀರು ಕೊರೆದು) ಮುರಿಯುವ ಅಂಚಾಗಿದ್ದರೆ, ಮುರಿಯುವಾಗಿನ ಬಾಗುವಿಕೆಯಿಂದ ಸೆರಾಮಿಕ್ ಕೆಪಾಸಿಟರ್‌ಗಳು ಒಳಗೇ ಬಿರುಕು ಬಿಡಬಹುದು. ಅಂಥವನ್ನು ಅಂಚಿನಿಂದ ದೂರ ಇಡಿ. ಹತ್ತಿರ ಇಡಲೇಬೇಕಾದರೆ ಅವುಗಳ ಉದ್ದ ಮುರಿಯುವ ಗೆರೆಗೆ ಸಮಾನಾಂತರವಾಗಿರಲಿ.

ಪಿಕ್ ಆಂಡ್ ಪ್ಲೇಸ್ ಯಂತ್ರಕ್ಕೆ ಸಾಲು ಬೇಕಿಲ್ಲ, ಅದು ಪ್ರತಿ ಭಾಗದ ಅಂಕಿ ಓದಿ ಕೂರಿಸುತ್ತದೆ. ಸಾಲು ಬೇಕಿರುವುದು ತಪಾಸಣೆ ಮಾಡುವ ಮನುಷ್ಯರಿಗೆ. ಹತ್ತು ಡಯೋಡುಗಳ ಕ್ಯಾಥೋಡ್ ಒಂದೇ ಕಡೆಗಿದ್ದರೆ ತಿರುಗಿ ಕೂತ ಒಂದು ತಕ್ಷಣ ಕಣ್ಣಿಗೆ ಹೊಡೆಯುತ್ತದೆ. ಅದಕ್ಕೇ ಅಂತರಕ್ಕಿಂತ ಮೊದಲು ದಿಕ್ಕು ಒಂದೇ ಮಾಡಿ: ಎಲ್ಲವನ್ನೂ ಸೆಲೆಕ್ಟ್ ಮಾಡಿ ಪ್ರಾಪರ್ಟೀಸ್‌ನಲ್ಲಿ ಓರಿಯೆಂಟೇಶನ್ 0 ಅಥವಾ 90 ಎಂದು ಬರೆದು, ಆಮೇಲೆ ಅಲೈನ್, ಆಮೇಲೆ ಡಿಸ್ಟ್ರಿಬ್ಯೂಟ್. ಈ ಕ್ರಮ ತಿರುಗಿಸಿದರೆ, ಭಾಗ ತಿರುಗಿದಾಗ ಅದರ ಚೌಕಟ್ಟು ಬದಲಾಗಿ ಸಮ ಮಾಡಿದ ಸಂದು ಮತ್ತೆ ಏರುಪೇರಾಗುತ್ತದೆ.

ಸಿಲ್ಕ್‌ಸ್ಕ್ರೀನ್ ಹೆಸರುಗಳಿಗೂ ಇದೇ ಆಜ್ಞೆಗಳು ಕೆಲಸ ಮಾಡುತ್ತವೆ. ಆರ್9 ಮತ್ತು ಆರ್10ರ ಅಕ್ಷರಗಳ ಅಗಲ ಬೇರೆಯಾದ್ದರಿಂದ ಅವನ್ನು ಅಂಚಿಗೆ ಅಲೈನ್ ಮಾಡುವ ಬದಲು, ಭಾಗಗಳ ಹಾಗೆಯೇ ನಡುಗೆರೆಗೆ ಸಾಲು ಹಿಡಿಸಿ. ಪ್ಯಾಡಿನ ಮೇಲೆ ಯಾವ ಅಕ್ಷರವೂ ಬೀಳದಂತೆ ನೋಡಿಕೊಳ್ಳಿ.